ಕಾಕಾನ ಕೇದಿಗೆ ಸಾಬೂನು

ಪಟ್, ಪಟ್, ಪಟಕ್. ಎರಡು ಸಣ್ಣ ಏಟು, ಮೂರನೆಯದು ಕೊಂಚ ಎಳೆದದ್ದು. ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹಡಪದ ನಿಂಗಪ್ಪ ದಾಡಿ ಕತ್ತಿಯನ್ನು ತೊಗಲಿನ ಪಟ್ಟಿಗೆ ತೀಡುತ್ತಿದ್ದ ಸದ್ದು ಅದು. ಲಿಂಗಸುಗೂರಿನಲ್ಲಿ ಹಿಂದೆ ಬಿಳಿಯರ ದಂಡು ಇದ್ದ ಛಾವಣಿ ಕಡೆಯ ಆ ಮನೆಯಲ್ಲಿ ಬುಧವಾರ ಮತ್ತು ಐತವಾರ ಬೆಳಗಾಗುತ್ತಿದ್ದುದೇ ಆ ಸದ್ದಿನಿಂದ. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಬೆಲ್ಲಿಗೆ ಏಳುತ್ತಿದ್ದ ನಾನು ರಜೆಗೆ ಊರಿಗೆ ಬಂದರೆ ಈ ಪಟ್ ಪಟಕ್ಕಿಗೆ ಏಳುತ್ತಿದ್ದೆ. ಈಗಲೂ ಪಕ್ಕದ ಮನೆಯಲ್ಲಿ ಯಾರಾದರೂ ಕಲ್ಲಿಗೆ ಬಟ್ಟೆ ಬಡಿದರೆ ಒಂದು ಕ್ಷಣ ನನಗೆ ದಿಕ್ಕು ತಪ್ಪುತ್ತದೆ. ವೇರ್ ಆಮ್ ಐ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ಸದ್ದಿನ ಹಿಂದೆ ಒಂದು ವಾಸನೆ ಬರುತ್ತದೆ, ವಾಸನೆಯ ಹಿಂದೆ ನಾನು ಹತ್ತು ವರ್ಷದವಳಿದ್ದಾಗ ಮಾಡಿದ ಒಂದು ಕೆಲಸ. ಅದನ್ನು ಪ್ರೀತಿಯಿಂದ ಮಾಡಿದೆ, ಅಷ್ಟು ಗೊತ್ತು. ಆಮೇಲೆ ಆದದ್ದರಲ್ಲಿ ಎಷ್ಟು ನನ್ನದು, ಎಷ್ಟು ಉಳಿದವರದು ಎಂಬುದು ಮಾತ್ರ ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಅಪ್ಪ ತಹಸೀಲ ಕಚೇರಿಯಲ್ಲಿ ಪೇಶ್ಕಾರ, ಸಾಹೇಬರ ಮುಂದೆ ಕಾಗದಪತ್ರ ಇಡುವವನು. ಅಲ್ಲಿ ಶೇರ್ವಾನಿ, ಉರ್ದು, ಸಲಾಮು. ಮನೆಯಲ್ಲಿ ವಿಭೂತಿ, ಧೋತರ, ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗಿನ ಲಿಂಗ. ನುಣ್ಣನೆಯ ಗಲ್ಲವಿಲ್ಲದೆ ಸಾಹೇಬರ ಮುಂದೆ ನಿಲ್ಲುವಂತಿಲ್ಲ. ಸ್ನಾನ, ಲಿಂಗಪೂಜೆ ಇಲ್ಲದೆ ತಾಟಿನ ಮುಂದೆ ಕೂರುವಂತಿಲ್ಲ. ಹಾಗಾಗಿ ದಾಡಿ, ಸ್ನಾನ, ಪೂಜೆ, ಕಚೇರಿ ಎಂದು ಅಪ್ಪನ ಬೆಳಗು ಒಂದೇ ದಾರದಲ್ಲಿ ಪೋಣಿಸಿದಂತೆ ಇರುತ್ತಿತ್ತು. ಅವನ ದಾಡಿ ಸಾಬೂನು ವಿಲಾಯತಿಯದು. ಹೈದರಾಬಾದಿಗೆ ಹೋದಾಗ ತರುತ್ತಿದ್ದ. ಕಟ್ಟಿಗೆಯ ಸಣ್ಣ ಬಟ್ಟಲಲ್ಲಿ ಕೂತ ದುಂಡನೆಯ ಬಿಳಿ ಬಿಲ್ಲೆ. ಮುಚ್ಚಳ ತೆಗೆದರೆ ಪಡಸಾಲೆಯಿಂದ ಹಿತ್ತಲಿನ ಹುಣಸೆ ಗಿಡದ ತನಕ ಘಮ್ಮೆನ್ನುತ್ತಿತ್ತು. ಕಾನ್ವೆಂಟಿನ ಮದರ್ ಅವರ ಕರವಸ್ತ್ರಕ್ಕೂ ಅದೇ ವಾಸನೆ ಇತ್ತಾದ್ದರಿಂದ ಅದರ ಹೆಸರು ಲ್ಯಾವೆಂಡರ್ ಎಂದು ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಅಂಗಡಿಯವನು ಅದನ್ನು ಬರೀ ಹೂವಿನ ಎಣ್ಣೆಯಿಂದ ಮಾಡಿದ್ದು ಎಂದು ಅಪ್ಪನಿಗೆ ಹೇಳಿದ್ದನಂತೆ. ಅಪ್ಪನ ತಾಯಿಗೆ ನಾವು ಆಯಿ ಎನ್ನುತ್ತಿದ್ದೆವು. ಕೋಳಿ ತತ್ತಿ ಒಡೆಯುವ ಮನೆಯ ಮುಂದೆ ಹಾಯುವಾಗ ಸೆರಗಿನಿಂದ ಮೂಗು ಮುಚ್ಚುತ್ತಿದ್ದ ಆಯಿ ಕೂಡ ಆ ಸಾಬೂನನ್ನು ದೇವರ ಕೋಣೆಯ ಗೂಡಿನಲ್ಲಿಡಲು ಒಪ್ಪಿದ್ದಳು.

"ಹೂವಿಂದ ಐತವಾ ಅದು. ಇಲ್ಲಾಂದ್ರ ಇಷ್ಟು ಘಮಾ ಎಲ್ಲಿಂದ ಬರಬೇಕು?"

ಸಾಬೂನನ್ನು ಪರೀಕ್ಷೆ ಮಾಡುವುದು ಅಪ್ಪನಿಗೊಂದು ಚಟ. ಹೊಸ ಬಿಲ್ಲೆ ತೆಗೆದ ದಿನ ನಿಂಗಪ್ಪ ಬ್ರಷ್ಷನ್ನು ಬಿಸಿನೀರಿಗೆ ಅದ್ದಿ ತಿರುವಲು ಶುರುಮಾಡಿದ ಕೂಡಲೇ ನಾನು ಇಂಗ್ಲಿಷಿನಲ್ಲಿ ಎಣಿಸಬೇಕು. ಫಿಫ್ಟಿ ಬರುವುದರೊಳಗೆ ನೊರೆ ಬಟ್ಟಲಿನ ಅಂಚು ಮುಟ್ಟಬೇಕು. ಮುಟ್ಟಿದ ಮೇಲೆ ನಿಂಗಪ್ಪ ನಿಂಬೆಹಣ್ಣಿನಷ್ಟು ನೊರೆಯನ್ನು ನನ್ನ ಅಂಗೈಗೆ ಹಾಕುತ್ತಿದ್ದ. ನಾನು ಕೈಯನ್ನು ಬೋರಲು ಮಾಡಿ ನಿಲ್ಲಬೇಕು. ಬೀಳದೆ ಅಂಟಿಕೊಂಡಿದ್ದರೆ ಪಾಸು. ಬಲಗಲ್ಲ ಮುಗಿದು ಎಡಗಲ್ಲಕ್ಕೆ ಕತ್ತಿ ಬರುವ ತನಕ ಅಲ್ಲಿಯ ನೊರೆ ಹಸಿಯಾಗಿರಬೇಕು, ಒಣಗಿದ ಎರೆಮಣ್ಣಿನಂತೆ ಬಿರುಕು ಬಿಡಬಾರದು. ಕೊನೆಗೆ ಪಟಿಕದ ಹರಳನ್ನು ನೀರಿಗದ್ದಿ ಗಲ್ಲಕ್ಕೆ ತಿಕ್ಕುವಾಗ ಅಪ್ಪ ಕಣ್ಣು ಮುಚ್ಚುತ್ತಿದ್ದ. ಉರಿಯದಿದ್ದರೆ ಕತ್ತಿ ನೊರೆಯ ಮೇಲೆ ಜಾರಿದೆ, ಉರಿದರೆ ಚರ್ಮವನ್ನು ಕೆರೆದಿದೆ. ಸಾಬೂನು ಸುಳ್ಳು ಹೇಳಬಹುದು, ಪಟಿಕ ಹೇಳಂಗಿಲ್ಲ ಎನ್ನುತ್ತಿದ್ದ ಅಪ್ಪ. ಕಾನ್ವೆಂಟಿನಲ್ಲಿ ನನ್ನ ಅಭಿಪ್ರಾಯವನ್ನು ಯಾರೂ ಯಾವುದಕ್ಕೂ ಕೇಳುತ್ತಿರಲಿಲ್ಲ. ಸಿಟ್ ಸ್ಟ್ರೇಟ್, ಡೋಂಟ್ ಮಂಬಲ್, ಅಷ್ಟೇ. ಇಲ್ಲಿ ಮಾತ್ರ ನನ್ನ ಬೋರಲು ಕೈಯ ಮುಂದೆ ಇಡೀ ಪಡಸಾಲೆ ಉಸಿರು ಹಿಡಿದು ನಿಲ್ಲುತ್ತಿತ್ತು. ಅದು ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಿಂಗಪ್ಪನ ಮಾತಿಗೂ ಆ ಪಡಸಾಲೆಯಲ್ಲಿ ತೂಕವಿತ್ತು. ಅವನ ಅಜ್ಜ ಛಾವಣಿಯಲ್ಲಿ ಗೋರಾ ಸಾಹೇಬರಿದ್ದ ಕಾಲದಲ್ಲಿ ಅವರ ದಾಡಿ ಮಾಡಿದವನು. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ನಮ್ಮ ಹೊಲದ ಜೋಳ ಅವನ ಮನೆಗೆ ಹೋಗುತ್ತಿತ್ತು, ಅದರ ಮೇಲೆ ಅವನ ಮನೆ ನಡೆಯುತ್ತಿತ್ತು. ಕೊರಳಲ್ಲಿ ಅವನಿಗೂ ಲಿಂಗವಿತ್ತು. ಆದರೂ ಅವನು ಕಟ್ಟೆಯಿಂದ ಪಡಸಾಲೆಗೆ ಬರುತ್ತಿದ್ದನೇ ಹೊರತು ಪಡಸಾಲೆಯಿಂದ ಒಳಗೆ ಬರುತ್ತಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಅಷ್ಟರಲ್ಲಿ ಲಡಾಯಿ ಶುರುವಾಯಿತು. ಎಲ್ಲಿಯೋ ನಡೆಯುತ್ತಿದ್ದ ಲಡಾಯಿಗೆ ಲಿಂಗಸುಗೂರಿನ ಅಂಗಡಿಗಳಲ್ಲಿ ಸಕ್ಕರೆ ಮಾಯವಾಯಿತು, ಸೀಮೆಎಣ್ಣೆ ಮಾಯವಾಯಿತು, ವಿಲಾಯತಿ ಸಾಬೂನು ಹೈದರಾಬಾದಿನಲ್ಲೂ ಸಿಗದಂತಾಯಿತು. ಅಪ್ಪನ ಟ್ರಂಕಿನಲ್ಲಿ ಮೂರು ಬಿಲ್ಲೆ ಉಳಿದಿದ್ದವು. ಆಗ ರುದ್ರಕಾಕಾ ತಾನೇ ಸಾಬೂನು ಮಾಡುತ್ತೇನೆಂದು ಎದ್ದ. ಕಾಕಾ ಅಪ್ಪನ ತಮ್ಮ. ಮುನ್ಷಿ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಮನೆಯಲ್ಲಿದ್ದ. ಹಿಂದೆ ಅಳಲೆಕಾಯಿಯಿಂದ ಮಸಿ ಮಾಡಿ ಇಡೀ ಕಚೇರಿಯ ಕಾಗದಕ್ಕೆ ತೂತು ಬೀಳಿಸಿದ್ದ. ಹಲ್ಲುಪುಡಿ ಮಾಡಿದಾಗ ಅವ್ವನ ಒಸಡು ವಾರಗಟ್ಟಲೆ ಊದಿತ್ತು. ಆದರೆ ರಜೆಯ ಉದ್ದಕ್ಕೂ ನನ್ನ ಹತ್ತಿರ ಕೂತು ಮಾತಾಡುತ್ತಿದ್ದವನು ಅವನೊಬ್ಬನೇ. ಹತ್ತಿಕಟ್ಟಿಗೆ ಸುಟ್ಟ ಬೂದಿಯನ್ನು ನೀರಿಗೆ ಹಾಕಿ ಸೋಸಿ, ಸುಣ್ಣ ಬೆರೆಸಿ, ಔಡಲೆಣ್ಣೆ ಕುಸುಬಿ ಎಣ್ಣೆಯ ಜೊತೆ ಹಿತ್ತಲಿನಲ್ಲಿ ಕುದಿಸುತ್ತಿದ್ದ. ಹುಟ್ಟು ತಿರುವುತ್ತ ನನ್ನನ್ನು ಇಂಗ್ಲಿಷ್ ಕೇಳುತ್ತಿದ್ದ.

"ಶಾಂತವ್ವಾ, ನೊರಿಗೆ ಇಂಗ್ಲೀಷಿನ್ಯಾಗ ಏನಂತಾರ?"

"ಲ್ಯಾದರ್, ಕಾಕಾ."

"ಮತ್ತ ಘಮಘಮಕ್ಕ?"

"ಫ್ರೇಗ್ರನ್ಸ್."

"ಎಷ್ಟು ಚಂದ ಐತಲೇ! ಪುಡಿಕಿ ಮ್ಯಾಲ ಹಂಗ ಬರೀತೀನಿ. ಲ್ಯಾದರ, ಫ್ರೇಗ್ರನ್ಸ, ರುದ್ರಪ್ಪ ಅಂಡ್ ಬ್ರದರ್."

"ಬ್ರದರ್ ಅಂದ್ರ ಯಾರು?"

"ನಿಮ್ಮಪ್ಪ. ಅವಗ ಇನ್ನೂ ಗೊತ್ತಿಲ್ಲ."

ಕುದಿದು ಇಳಿದದ್ದು ಬಿಲ್ಲೆಯಾಗಲಿಲ್ಲ. ಕಂದು ಬಣ್ಣದ ಮೆತ್ತನೆಯ ಮುದ್ದೆಯಾಯಿತು, ಹುಣಸೆಹಣ್ಣಿನ ಗೊಜ್ಜಿನ ಹಾಗೆ. ಎಣ್ಣೆಯ ಕಮಟು ವಾಸನೆ ಹೋಗಲೆಂದು ಕಾಕಾ ತನ್ನ ಬೆಳ್ಳಿ ಉಡದಾರ ಕೊಟ್ಟು ಅತ್ತರ ಮಾರುವ ಸಾಬರಿಂದ ಕೇದಿಗೆ ಅತ್ತರ ತಂದು, ಮುದ್ದೆಯನ್ನು ಹಿತ್ತಾಳೆ ಬಟ್ಟಲಿಗೆ ತುಂಬಿ, ಬುಡ್ಡಿಯಷ್ಟನ್ನೂ ಅದಕ್ಕೆ ಸುರಿದ. ದೇವರೇ, ಆ ವಾಸನೆ! ಅಪ್ಪನ ಲ್ಯಾವೆಂಡರ್ ಅದರ ಮುಂದೆ ಬಾಯಿ ಮುಚ್ಚಿಕೊಂಡಿತು. ಅಡುಗೆಮನೆಯ ರೊಟ್ಟಿ ಕೇದಿಗೆ, ಹಾಸಿಗೆ ಕೇದಿಗೆ, ಹಿತ್ತಲಿನ ಎಮ್ಮೆ ಕೂಡ ಕೇದಿಗೆ. ಅವ್ವ ಮಾತ್ರ ನಕ್ಕು, ಕೇದಗಿ ವಾಸನಿಗೆ ನಮ್ಮ ಮನಿಗೆ ಹಾವು ಬರತಾವ ಇನ್ನ ಅಂದಳು. ಅಪ್ಪ ನಗಲಿಲ್ಲ. ಊಟದ ಸಾಲಿನಲ್ಲಿ ಕಾಕಾನಿಗೆ ಹೇಳಿದ:

"ನೋಡ್ ರುದ್ರಾ, ಐತವಾರ ನಿಂಗಪ್ಪ ನಿನ್ನ ಸಾಬೂನಿಲೆ ನನ್ನ ದಾಡಿ ಮಾಡ್ಲಿ. ಅವ ಪಸಂದ ಅಂದ್ರ ಹಿತ್ತಲ ಕೋಣಿ ನಿಂದು, ಒಲಿ ಹೂಡು, ಕಚೇರ್ಯಾಗ ನಾಕು ಮಂದಿಗೆ ನಾನ ಹೇಳ್ತೀನಿ. ಆಗಲಿಲ್ಲಾಂದ್ರ ಸುಮ್ಮನ ಸಿಂಧನೂರಿಗೆ ಹೋಗಿ ಮಾವನ ಅಂಗಡ್ಯಾಗ ಕುಂದ್ರು. ಇದ ಕಡೀ ಮಾತು."

"ಆತು ಅಣ್ಣಾ."

ಶುಕ್ರವಾರ ಕಾಕಾ ಹಿತ್ತಲಿನಲ್ಲಿ ತನ್ನ ಗಲ್ಲದ ಮೇಲೆ ತಾನೇ ಪರೀಕ್ಷೆ ಮಾಡಿಕೊಂಡ. ನಾನು ಎಣಿಸಿದೆ. ಥರ್ಟಿಗೇ ನೊರೆ ಅಂಚು ಮುಟ್ಟಿತು. ನಾವಿಬ್ಬರೂ ಕುಣಿದೆವು. ಅಂಗೈಗೆ ಹಾಕಿಕೊಂಡು ಬೋರಲು ಮಾಡಿದ್ದೇ ತಡ, ತೊಪ್ಪೆಂದು ನೆಲಕ್ಕೆ ಬಿತ್ತು. ಮತ್ತೆ ಮಾಡಿದೆವು, ಮತ್ತೆ ಬಿತ್ತು. ಗುಳ್ಳೆಗಳು ಚಿಟಚಿಟ ಒಡೆದು ಬಟ್ಟಲಲ್ಲಿ ನೀರು ಉಳಿಯಿತು. ಹುರುಳಿ ಕಾಳು ಆರಿಸುತ್ತ ಬಾವಿಕಟ್ಟೆಯಲ್ಲಿ ಕೂತಿದ್ದ ಆಯಿ ಎಲ್ಲವನ್ನೂ ನೋಡಿದಳು.

"ಮಜ್ಜಿಗಿ ಮಾಡೀಯಲ್ಲೋ ರುದ್ರಾ," ಅಂದಳು.

ಕಾಕಾ ನಕ್ಕ. ನಕ್ಕು ಮುಖ ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ. ಸಂಜೆ ತನ್ನ ಎರಡು ಅಂಗಿಗಳನ್ನು ಮಡಚಿ ಮತ್ತೆ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದುದನ್ನು ನೋಡಿದೆ. ಅವನು ಸಿಂಧನೂರಿಗೆ ಹೋದರೆ ಮುಂದಿನ ರಜೆಯಲ್ಲಿ ನಾನು ಯಾರ ಹತ್ತಿರ ಕೂರಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ನೊರೆ ನಿಲ್ಲಬೇಕು, ಕಾಕಾ ಉಳಿಯಬೇಕು. ಶನಿವಾರ ಮಧ್ಯಾಹ್ನ ಎಲ್ಲರೂ ಅಡ್ಡಾಗಿದ್ದಾಗ ಅಪ್ಪನ ಟ್ರಂಕು ತೆಗೆದು ಒಂದು ವಿಲಾಯತಿ ಬಿಲ್ಲೆ ಎತ್ತಿಕೊಂಡೆ. ಈಳಿಗೆಮಣೆಯ ಮೇಲೆ ಅದನ್ನು ಹೆರೆದೆ. ಮೊದಲು ಒಂದು ಚೂರು ಸಾಕು ಅಂದುಕೊಂಡೆ. ಆಮೇಲೆ ಇನ್ನೊಂದು ಚೂರು. ನಿಲ್ಲಿಸಿ ನೋಡಿದಾಗ ಹತ್ತಿರ ಹತ್ತಿರ ಅರ್ಧ ಬಿಲ್ಲೆ ಹೋಗಿತ್ತು. ಅದಷ್ಟನ್ನೂ ಕಾಕಾನ ಬಟ್ಟಲಿಗೆ ಹಾಕಿ, ರೊಟ್ಟಿ ಹಿಟ್ಟು ನಾದುವಂತೆ ನಾದಿ, ಬಿಳಿ ಕಾಣದಂತೆ ಮೇಲೆ ಸವರಿ, ಉಳಿದ ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ತಳ್ಳಿದೆ. ಕೇದಿಗೆ ಎಷ್ಟು ಜೋರಾಗಿತ್ತೆಂದರೆ ಲ್ಯಾವೆಂಡರಿನ ಸುಳಿವೂ ಉಳಿಯಲಿಲ್ಲ. ಪರೀಕ್ಷೆಯಲ್ಲಿ ಪಕ್ಕದವಳಿಗೆ ಉತ್ತರ ತೋರಿಸಿದರೆ ಸಿಸ್ಟರ್ ರೂಲರಿನಿಂದ ಹೊಡೆಯುತ್ತಿದ್ದರು. ಚೀಟಿಂಗ್ ಎಂಬ ಶಬ್ದ ನನಗೆ ಗೊತ್ತಿತ್ತು. ಆದರೆ ಪ್ರೀತಿಯವರಿಗಾಗಿ ಮಾಡಿದರೂ ಅದಕ್ಕೆ ಅದೇ ಹೆಸರೋ ಬೇರೆಯೋ ಎಂದು ಕೇಳಲು ಅಲ್ಲಿ ಯಾರೂ ಇರಲಿಲ್ಲ.

ಐತವಾರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಅಪ್ಪ ಮಣೆಯ ಮೇಲೆ ಕೂತ. ಆಯಿ ಒಳಬಾಗಿಲಿನ ಹೊಸ್ತಿಲಲ್ಲಿ. ಅವಳ ಬೆನ್ನ ಹಿಂದೆ ಅವ್ವ. ಕಾಕಾ ಕಂಬಕ್ಕೆ ಆತು ನಿಂತಿದ್ದ, ಸೋಲಲು ಬಂದವನ ಮುಖದಲ್ಲಿ. ನಿಂಗಪ್ಪ ಬಟ್ಟಲಿನ ಮುಚ್ಚಳ ತೆಗೆದ.

"ಎಪ್ಪಾ! ಏನ್ ವಾಸನಿ ರೀ ಇದು! ಕೇದಗಿ ಬನಾನ ಕಡದು ತಂದಂಗಾತು."

"ವಾಸನಿ ಇರ್ಲಿ. ನೊರಿ ತಗಿ," ಅಂದ ಅಪ್ಪ.

ಒನ್, ಟೂ ಎಂದು ಶುರುಮಾಡಿದೆ. ಟ್ವೆಂಟಿಗೆ ನೊರೆ ಅಂಚು ದಾಟಿತು, ಬೆಣ್ಣೆಯಂತೆ ದಪ್ಪಗೆ, ಹೊಳೆಯುತ್ತ. ನಿಂಗಪ್ಪನ ಹುಬ್ಬು ಮೇಲೇರಿತು. ನನ್ನ ಅಂಗೈಗೆ ಹಾಕಿದ, ನಾನು ಕೈ ಬೋರಲು ಮಾಡಿದೆ. ಬೀಳಲಿಲ್ಲ. ಕೈ ಅಲ್ಲಾಡಿಸಿದೆ, ಆಗಲೂ ಬೀಳಲಿಲ್ಲ. ಕಾಕಾ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅವನ ಮುಖದಲ್ಲಿ ಖುಷಿಗಿಂತ ಹೆಚ್ಚಾಗಿ ಗಾಬರಿ ಇತ್ತು. ತನ್ನ ಮಗು ಬೇರೆ ಯಾರದೋ ದನಿಯಲ್ಲಿ ಮಾತಾಡಿದರೆ ಆಗುವಂಥ ಗಾಬರಿ. ಬಲಗಲ್ಲ ಆಯಿತು, ಎಡಗಲ್ಲ ಆಯಿತು. ಕತ್ತಿಯ ಸದ್ದೇ ಕೇಳಲಿಲ್ಲ. ಪಟಿಕ ತಿಕ್ಕಿದಾಗ ಅಪ್ಪ ಕಣ್ಣು ತೆರೆದೇ ಇದ್ದ.

"ಉರಿ ಇಲ್ಲ," ಅಂದ ಅಪ್ಪ. "ಹೇಳು ನಿಂಗಪ್ಪ."

"ಪಸಂದ ಐತಿ ಧಣೇರ, ಅವ್ವಲ್ ನಂಬರ! ಸಣ್ಣ ಧಣಿ ಕಸಬು ಕಲತಾರ ಬಿಡ್ರಿ. ಬರೇ ಎಣ್ಣೀಲೆ ಇಂಥಾ ನೊರಿ ಏಳಂಗಿಲ್ಲ. ನಮ್ಮಜ್ಜ ಹೇಳತಿದ್ದ, ಛಾವಣ್ಯಾಗ ಗೋರಾ ಸಾಹೇಬರ ನೊರಿ ಹಿಂಗ ನಿಂದರತಿತ್ತಂತ. ಅದಕ್ಕ ಅವರು ಕೊಬ್ಬು ಕಾಸಿ ಹಾಕತಿದ್ರಂತ."

ಹೊಗಳಿಕೆಯ ಭರದಲ್ಲಿ ಬಾಯಿಂದ ಬಂದುಹೋಯಿತು. ಬಂದ ಮೇಲೆ ನಿಂಗಪ್ಪನ ಕೈಯಲ್ಲಿದ್ದ ಕತ್ತಿ ಹಾಗೆಯೇ ನಿಂತಿತು. ಹೊಸ್ತಿಲಲ್ಲಿ ಕೂತಿದ್ದ ಆಯಿ ಎದ್ದಳು.

"ಏನಂದ್ಯೋ? ಏನು ಕಾಸಿ?"

"ಹಳೀ ಮಾತು ಬಿಡ್ರಿ ಅಮ್ಮಾರ."

"ಹಳೀದೋ ಹೊಸಾದೋ, ಇನ್ನೊಮ್ಮಿ ಹೇಳು."

"ಕೊಬ್ಬು ರೀ. ಪ್ರಾಣೀದು."

ಅಪ್ಪನ ಕೈ ತಾನಾಗಿಯೇ ಕೊರಳಿನ ಕರಡಿಗೆಯನ್ನು ಮುಚ್ಚಿತು, ಗಲ್ಲದಿಂದ ಏನಾದರೂ ಅದರ ಮೇಲೆ ತೊಟ್ಟಿಕ್ಕಬಹುದೆಂಬಂತೆ. ಕಾಕಾ ನೇರ ಆಯಿಯ ಮುಂದೆ ಬಂದು ನಿಂತ.

"ಇಲ್ಲವಾ. ಔಡಲೆಣ್ಣಿ, ಕುಸುಬಿ ಎಣ್ಣಿ, ಬೂದಿನೀರು, ಸುಣ್ಣ. ಮ್ಯಾಲ ಅತ್ತರ. ಇಷ್ಟ ಐತಿ ಅದರಾಗ."

"ಹಂಗಾರ ಮೊನ್ನಿ ಮಜ್ಜಿಗಿ ಆಗಿದ್ದು ಇವತ್ತು ಬೆಣ್ಣಿ ಹೆಂಗಾತೋ? ನಾ ನನ್ನ ಕಣ್ಣಾರೆ ನೋಡೀನಿ."

"ನಂಗೂ ತಿಳೀವಲ್ದವಾ."

ಅದು ಸತ್ಯ. ಆ ಪಡಸಾಲೆಯಲ್ಲಿ ಅವತ್ತು ಆಡಿದ ಮಾತುಗಳಲ್ಲಿ ಅದರಷ್ಟು ಸತ್ಯ ಇನ್ನೊಂದಿರಲಿಲ್ಲ. ಆದರೆ ಅದು ಕಳ್ಳನ ಮಾತಿನಂತೆ ಕೇಳಿಸಿತು. ಕಾಕಾ ಅಂಗಿಯ ಗುಂಡಿ ಬಿಚ್ಚಿ ತನ್ನ ಲಿಂಗದ ಕಡೆ ಕೈ ಒಯ್ದ.

"ಬೇಕಾದ್ರ ಲಿಂಗ ಮುಟ್ಟಿ ಹೇಳ್ತೀನಿ."

"ಮುಟ್ಟಬ್ಯಾಡ!" ಆಯಿ ಕಿರುಚಿದಳು. "ಆ ಕೈಲೆ ಮುಟ್ಟಬ್ಯಾಡ!"

ನಾನು ಇನ್ನೂ ಕೈ ಬೋರಲು ಮಾಡಿಕೊಂಡು ನಿಂತಿದ್ದೆ. ನೊರೆ ಇನ್ನೂ ಅಂಟಿಕೊಂಡೇ ಇತ್ತು. ಯಾಕೆ ಯಾರೂ ಪಾಸು ಅನ್ನುತ್ತಿಲ್ಲ ಎಂದು ನನಗೆ ಅರ್ಥವಾಗಲಿಲ್ಲ. ಇಷ್ಟು ಒಳ್ಳೆಯ ನೊರೆ ಹೇಗೆ ಕೆಟ್ಟದ್ದಾಯಿತು? ಅದು ಕೆಟ್ಟದ್ದಾದರೆ ವಾರಕ್ಕೆರಡು ಸಲ ಅಪ್ಪನ ಗಲ್ಲದ ಮೇಲೆ ಇರುವುದು ಏನು? ಅವ್ವ ಬಂದು ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ಬೂದಿ ಹಾಕಿ ತಿಕ್ಕಿದಳು. ಕಾಕಾನ ಹಿತ್ತಾಳೆ ಬಟ್ಟಲು ನನ್ನ ಪಕ್ಕದಿಂದಲೇ ಹಾರಿ ತಿಪ್ಪೆಗೆ ಬಿತ್ತು. ನಿಂಗಪ್ಪನ ತೊಗಲಿನ ಪಟ್ಟಿ ಮಾತ್ರ ಪಡಸಾಲೆಯ ಗೂಟಕ್ಕೆ ಹಾಗೆಯೇ ನೇತಾಡುತ್ತಿತ್ತು, ಬ್ರಷ್ಷಿನ ಕೂದಲು ಯಾವ ಪ್ರಾಣಿಯದೆಂದು ಯಾರೂ ಕೇಳಲಿಲ್ಲ. ಇದೆಲ್ಲ ನನಗೆ ಈಗ ಹೊಳೆಯುವುದು. ಆಗ ಹೊಳೆದಿದ್ದರೂ ಪ್ರಯೋಜನವಿರಲಿಲ್ಲ.

ಮನೆಯ ಬದಿಯ ಸಂದಿಯಿಂದ ಸುತ್ತಿ ಹಿತ್ತಲಿನ ಬಾವಿಯ ಹತ್ತಿರ ನಿಂಗಪ್ಪ ಕತ್ತಿ ತೊಳೆಯಲು ಬಂದ. ಅವ್ವ ಒಳಗೆ ಹೋಗುವ ತನಕ ಕಾದು, ನನ್ನ ಕಡೆ ನೋಡದೆ ಮೆಲ್ಲಗೆ ಅಂದ:

"ಸಣ್ಣವ್ವಾ, ಹತ್ತು ವರ್ಷ ಆತು ನಿಮ್ಮಪ್ಪಾರ ಗಲ್ಲಕ್ಕ ಆ ಸಾಬೂನು ಹಚ್ಚಾಕತ್ತು. ಅದರ ಜಾರಿಕಿ ನನ್ನ ಬೆರಳಿಗೆ ಗೊತ್ತಾಗಂಗಿಲ್ಲೇನು?"

"ಅಪ್ಪನ ಸಾಬೂನಿನ್ಯಾಗೂ ಕೊಬ್ಬು ಐತೇನು?" ಎಂದು ಕೇಳಿದೆ.

"ನಾ ಏನ್ ಹೇಳ್ಲಿ? ನಾ ಹೇಳಿದ್ರ, ಗೊತ್ತಿದ್ದು ಗೊತ್ತಿದ್ದು ಇಷ್ಟು ದಿನ ಹಚ್ಚೀದಿ ಏನಲೇ ಅಂತಾರ. ನನ್ನ ಮನ್ಯಾಗ ಆರು ಮಂದಿ ಉಣ್ಣೂದು ಈ ಮನಿ ಜ್ವಾಳಾನ." ಕತ್ತಿ ಒರೆಸಿ ಮಡಚಿದ. "ನೀ ಹೇಳಿದಿ ಅಂದ್ರ ನಾ ಸುಳ್ಳು ಅನ್ನಂಗಿಲ್ಲ. ಅಷ್ಟ ಆಗತೈತಿ ನನ್ನಿಂದ."

ಅವನು ನನ್ನ ಮೇಲೆ ಬಿಟ್ಟು ಹೋದ. ಹತ್ತು ವರ್ಷದವಳ ಮೇಲೆ! ಎಷ್ಟೋ ವರ್ಷ ಅವನ ಮೇಲೆ ನನಗೆ ಸಿಟ್ಟಿತ್ತು. ಆರು ಮಂದಿಯ ಲೆಕ್ಕ ಅರ್ಥವಾದದ್ದು ನನಗೇ ಮೂರು ಮಕ್ಕಳಾದ ಮೇಲೆ.

ಕಾಕಾನನ್ನು ಯಾರೂ ಹೋಗು ಅನ್ನಲಿಲ್ಲ. ಊಟದ ಸಾಲಿನಲ್ಲಿ ಅವನ ತಾಟು ಇಡಲಿಲ್ಲ, ಅಷ್ಟೇ. ಆಯಿ ಅವನ ರೊಟ್ಟಿಯನ್ನು ಪಡಸಾಲೆಗೆ ಕಳಿಸುತ್ತಿದ್ದಳು, ತಾಕದಂತೆ ಎತ್ತರದಿಂದ ಬಡಿಸಿ. ಅವನು ಅದನ್ನು ಹಾಗೆಯೇ ಮುಚ್ಚಿಡುತ್ತಿದ್ದ. ಬುಧವಾರ ಬೆಳಿಗ್ಗೆ ಮಸ್ಕಿಯ ಮೇಲಿಂದ ಸಿಂಧನೂರಿನ ಕಡೆ ಹೋಗುವ ಬಂಡಿ ಬಂದಿತ್ತು. ಪಡಸಾಲೆಯಲ್ಲಿ ಕಾಕಾ ಗಂಟು ಕಟ್ಟುತ್ತಿದ್ದ. ದೇವರ ಕೋಣೆಯಲ್ಲಿ ಅಪ್ಪ, ಆಗಷ್ಟೇ ದಾಡಿ ಮಾಡಿಸಿಕೊಂಡು ಸ್ನಾನ ಮುಗಿಸಿ, ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತಿದ್ದ. ಎರಡು ಬಾಗಿಲುಗಳ ನಡುವೆ ನಾನು. ಹೇಳಲೇಬೇಕೆಂದು ಅಪ್ಪನ ಹತ್ತಿರ ಹೋದೆ. ತೇದ ಗಂಧ, ವಿಭೂತಿ, ಅದರೆಲ್ಲದರ ಮೇಲೆ ಅಪ್ಪನ ಗಲ್ಲದಿಂದ ಲ್ಯಾವೆಂಡರ್. ಅವನ ಕಣ್ಣು ಅರೆ ಮುಚ್ಚಿತ್ತು. ಕಚೇರಿಯ ಅಪ್ಪ ಅಲ್ಲ, ಮನೆಯ ಅಪ್ಪನೂ ಅಲ್ಲ, ಆ ಹೊತ್ತಿನಲ್ಲಿ ಮಾತ್ರ ಕಾಣುತ್ತಿದ್ದ ಒಬ್ಬ ಮನುಷ್ಯ, ಅಂಗೈಯನ್ನು ನೋಡುತ್ತ ಏನನ್ನೋ ಕೇಳಿಸಿಕೊಳ್ಳುತ್ತಿದ್ದ. ಈಗ ನಾನು ಬಾಯಿ ತೆರೆದರೆ ಆ ಕೈ ಏನು ಮಾಡುತ್ತದೆ? ನಡುಗುತ್ತದೆಯೇ? ಲಿಂಗ ಜಾರುತ್ತದೆಯೇ? ಹೊರಗೆ ಎತ್ತಿನ ಗಂಟೆ ಅಲ್ಲಾಡಿತು. ಕಾಕಾ "ಬರ್ತೀನಿ ವೈನಿ" ಎಂದು ಅವ್ವನಿಗೆ ಹೇಳಿದ್ದು ಕೇಳಿಸಿತು. ನಾನು ನಿಂತೇ ಇದ್ದೆ. ಅಪ್ಪ ಕಣ್ಣು ತೆರೆದು ಏನವಾ ಎಂದಾಗ ಏನಿಲ್ಲ ಎಂದೆ. ಬಂಡಿ ಹೋಗಿತ್ತು.

ಆಮೇಲೆ ಕೆಲವು ತಿಂಗಳಿಗೆ ಅಪ್ಪ ಟ್ರಂಕಿನ ತಳದ ಬಿಲ್ಲೆ ತೆಗೆದಾಗ ಅರ್ಧ ಇರಲಿಲ್ಲವಂತೆ. ಇಲಿ ತಿಂದಾವ ಎಂದು ಅವ್ವನ ಮೇಲೆ ರೇಗಿದನಂತೆ. ಇಲಿಗಳು ಹೂವಿನ ಎಣ್ಣೆಯನ್ನು ಯಾಕೆ ತಿನ್ನುತ್ತವೆ ಎಂದು ಅಲ್ಲೂ ಯಾರೂ ಕೇಳಲಿಲ್ಲ. ನಾನು ಆಗ ಕಾನ್ವೆಂಟಿನಲ್ಲಿದ್ದೆ. ಶನಿವಾರ ಸಂಜೆ ಕ್ಯಾಥೊಲಿಕ್ ಹುಡುಗಿಯರು ಸಾಲಾಗಿ ಕನ್ಫೆಶನ್ನಿಗೆ ಹೋಗುತ್ತಿದ್ದರು. ಕಟ್ಟಿಗೆಯ ಗೂಡಿನೊಳಗೆ ಮೊಣಕಾಲೂರಿ ಏನೋ ಪಿಸುಗುಟ್ಟಿ, ಹೊರಗೆ ಬಂದ ಕೂಡಲೇ ಕುಂಟಾಬಿಲ್ಲೆ ಆಡಲು ಓಡುತ್ತಿದ್ದರು. ನಮಗೆ ಹಿಂದೂ ಹುಡುಗಿಯರಿಗೆ ಆ ಹೊತ್ತಿನಲ್ಲಿ ನೀಡ್ಲ್‌ವರ್ಕ್. ಹೊಲಿಯುತ್ತ ಹೊಲಿಯುತ್ತ ನಾನು ನನ್ನ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ, ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ. ಹೇಳಬೇಕಾದವರು ಅಪ್ಪ ಅಲ್ಲ, ಕಾಕಾ ಎಂದು ನಿಧಾನಕ್ಕೆ ಗಟ್ಟಿಯಾಯಿತು.

ಎರಡು ವರ್ಷದ ಮೇಲೆ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ನಾವೆಲ್ಲ ಸಿಂಧನೂರಿಗೆ ಹೊರಟೆವು. ಆಗ ಬಸ್ಸುಗಳು ಇದ್ದಲಿಯ ಮೇಲೆ ಓಡುತ್ತಿದ್ದವು. ಬೆನ್ನಿಗೆ ಡ್ರಮ್ಮಿನಂಥ ಒಲೆ ಕಟ್ಟಿಕೊಂಡು ಕೆಮ್ಮುತ್ತ ಬಂದ ಬಸ್ಸು ಮಸ್ಕಿಯಲ್ಲಿ ನಿಂತಿತು. ಒಲೆ ಕೆದಕಿ ಇದ್ದಲಿ ತುಂಬಲು ಅರ್ಧ ತಾಸು ಬೇಕು ಎಂದ ಡ್ರೈವರ. ಅಪ್ಪ ಪರಿಚಯದ ಕಂದಾಯ ಗಿರದಾವರರ ಜೊತೆ ಮಾತಿಗಿಳಿದ. ಅವ್ವ ನನ್ನ ಕೈಗೊಂದು ಗಂಟು ಕೊಟ್ಟು, ಬಾಯಿ ಅಲ್ಲಾಡಿಸದೆ ಹೇಳಿದಳು:

"ಆ ಬೇವಿನ ಗಿಡದ ಹಿಂದ ಗಾಣ ಐತಿ. ನಿಮ್ಮ ಕಾಕಾ ಅಲ್ಲೆ ದುಡೀತಾನ. ನೀರು ಕುಡದು ಬರ್ತೀನಂತ ಹೋಗು. ಲಗೂನ ಬಾ."

ಕಾಕಾ ಸಿಂಧನೂರಿನ ಮಾವನ ಅಂಗಡಿಗೆ ಹೋಗಿರಲೇ ಇಲ್ಲ. ಗಾಣದ ಮುಂದೆ ಎಣ್ಣೆ ಅಳೆಯುತ್ತ ಕೂತಿದ್ದ. ಮೊದಲಿಗಿಂತ ದಪ್ಪಗಾಗಿದ್ದ, ನೆಮ್ಮದಿಯಾಗಿ ಕಾಣುತ್ತಿದ್ದ. ನನ್ನನ್ನು ನೋಡಿ ಅಳತೆ ಕೈಬಿಟ್ಟು ಎದ್ದ.

"ಯಾರಿದು! ಏ ಶಾಂತವ್ವಾ, ಎಷ್ಟು ಉದ್ದ ಬೆಳದೀಯಲೇ! ವೈನಿ ಹೋಳಿಗಿ ಕಳಿಸ್ಯಾರೇನು? ಕುಂದ್ರು, ಕುಂದ್ರು."

"ಸಾಬೂನು ಮಾಡಾಕತ್ತೀಯೇನು ಕಾಕಾ?"

"ಬಿಟ್ಟೆ ಬಿಡು. ನನ್ನ ಕೈಯಾಗಿನ ವಿದ್ಯಾ ಅಲ್ಲ ಅದು. ಈಗ ಆರಾಮ ಅದೀನಿ."

ಎರಡು ವರ್ಷ ಜೋಡಿಸಿಟ್ಟ ಮಾತುಗಳೆಲ್ಲ ಆ ಕ್ಷಣಕ್ಕೆ ಕಲಸಿಹೋದವು. ಒಂದೇ ಉಸಿರಿಗೆ ಹೇಳಿದೆ. "ಕಾಕಾ, ಅವತ್ತು ಅಪ್ಪನ ಸಾಬೂನು ಹೆರೆದು ನಿನ್ನ ಬಟ್ಟಲ್ದಾಗ ಕಲಸಿದ್ದು ನಾನ." ಅವನು ಎಣ್ಣೆಯ ಕೈಯನ್ನು ಧೋತರಕ್ಕೆ ನಿಧಾನವಾಗಿ ಒರೆಸಿಕೊಂಡ. ಒರೆಸಿಕೊಳ್ಳುತ್ತಲೇ ಇದ್ದ. ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಒಳ್ಳೆಯದು ಅಂತಲೂ ಅಂದುಕೊಂಡೆ.

"ಅಣ್ಣಗ ಹೇಳೀಯೇನು?"

"ಇಲ್ಲ."

"ಹೇಳಬ್ಯಾಡ. ಇಷ್ಟು ವರ್ಷದ ಪೂಜಿ ಅವಂದು… ಎದಿ ಒಡಕೋತಾನ." ಆಮೇಲೆ ಬೇರೆಯದೇ ದನಿಯಲ್ಲಿ ಕೇಳಿದ. "ಎಷ್ಟು ಹಾಕಿದ್ದಿ?"

"ಆಂ?"

"ನಿಮ್ಮಪ್ಪನ ಸಾಬೂನು. ಎಷ್ಟು ಹೆರೆದು ಹಾಕಿದ್ದಿ?"

ಅರ್ಧ ಬಿಲ್ಲೆ ಎಂದು ಹೇಳಲು ಬಾಯಿ ತೆರೆದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಅರ್ಧ ಬಿಲ್ಲೆ ಎಂಬುದು ಕಳ್ಳತನದಂತೆ ಕೇಳಿಸುತ್ತದೆ ಅನ್ನಿಸಿತೋ, ಅಷ್ಟೊಂದು ಎಂದರೆ ಅವನಿಗೆ ನೋವಾಗುತ್ತದೆ ಅನ್ನಿಸಿತೋ, ಐ ಡೋಂಟ್ ನೋ, ಇವತ್ತಿಗೂ ಗೊತ್ತಿಲ್ಲ. ಕಿರುಬೆರಳನ್ನು ಎತ್ತಿ ಅದರ ಉಗುರನ್ನು ತೋರಿಸಿದೆ.

"ಇಷ್ಟ, ಕಾಕಾ."

"ಇಷ್ಟನಾ?" ಅವನು ನನ್ನ ಬೆರಳನ್ನು ಹಿಡಿದು ಹತ್ತಿರ ತಂದು ನೋಡಿದ. "ಖರೇನ ಇಷ್ಟನಾ?"

"ಹೂಂ."

"ಅಂದ್ರ ಉಳದದ್ದೆಲ್ಲಾ ನಂದು! ಇಷ್ಟರಾಗ ಏನ್ ನೊರಿ ಬರತೈತಲೇ ಹುಚ್ಚಿ? ಆ ನೊರಿ ನಂದು! ಬೂದಿನೀರು ಎರಡು ದಿನ ಕುಂತು ಹದಕ್ಕ ಬಂದಿತ್ತದು, ಬರೇ ಹದದ ಮಾತು!" ಅವನ ಕಣ್ಣು ತುಂಬಿ ಬಂದಿತ್ತು. ನನ್ನ ಎರಡೂ ಭುಜ ಹಿಡಿದು ಅಲುಗಾಡಿಸಿದ. "ನಾಳಿಗೇನ ಒಲಿ ಹೂಡ್ತೀನಿ ನೋಡು."

ಬಸ್ಸಿನ ಹಾರ್ನು ಆಯಿತು. ಇಲ್ಲ ಕಾಕಾ, ಅಷ್ಟಲ್ಲ ಎನ್ನಲು ಇನ್ನೂ ಸಮಯವಿತ್ತು. ಬೇವಿನ ಗಿಡದ ತನಕ ನಡೆದೆ, ನಿಂತೆ, ತಿರುಗಿದೆ. ಕಾಕಾ ಆಗಲೇ ಗಾಣದ ಯಜಮಾನನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತನ್ನ ಕಿರುಬೆರಳನ್ನು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಅದರ ಉಗುರನ್ನು ತೋರಿಸುತ್ತ, ಜೋರಾಗಿ ಏನೋ ಹೇಳುತ್ತಿದ್ದ. ಅವನ ಹಿಂದೆ ಗಾಣದಿಂದ ಎಣ್ಣೆ ಇಳಿಯುತ್ತಿದ್ದ ಡಬ್ಬಿ ತುಂಬಿ ಉಕ್ಕಿ ಹರಿಯುತ್ತಿತ್ತು. ಅವ್ವ ಕರೆದಳು. ನಾನು ಬಸ್ಸು ಹತ್ತಿದೆ. ಕಾಕಾನನ್ನು ನಾನು ನೋಡಿದ್ದು ಅದೇ ಕೊನೆ.